ಎರವಲಿನ ಅಕ್ಷರ, ಸ್ವಂತದ ಓದು



ನಾನು ಸೇವೆಯಿಂದ ನಿವೃತ್ತನಾಗುವುದಕ್ಕೆ ಎರಡು ವರ್ಷ ಮೊದಲಿನ ಮಾತು. ಜೂನ್ ತಿಂಗಳ ಆರಂಭ. ಕಾಸರಗೋಡಿನ ಮಳೆ ಹಿಡಿದಿತ್ತು. ಒಂದನೆಯ ತರಗತಿಗೆ ಮಗಳನ್ನು ಸೇರಿಸುವ ವಿಚಾರವಾಗಿ ತಂದೆಯೊಬ್ಬರು ನನ್ನ ಕೊಠಡಿಗೆ ಬಂದರು. ಅವರು ಬಾಡಿಗೆ ರಿಕ್ಷಾ ಓಡಿಸುವವರು. ರಿಕ್ಷಾವನ್ನು ಶಾಲೆಯ ಅಂಗಳದಲ್ಲೇ ನಿಲ್ಲಿಸಿದ್ದರು. ಮನೆಯಲ್ಲಿ ಕನ್ನಡ, ನೆರೆಯಲ್ಲಿ ತುಳು, ಪೇಟೆಯಲ್ಲಿ ಮಲಯಾಳ ಎಂಬುದು ನಮ್ಮ ಕಡೆಯ ಸಾಮಾನ್ಯ ಸ್ಥಿತಿ, ಅವರದೂ ಅದೇ. ಸ್ವಲ್ಪ ಹೊತ್ತು ಸುಮ್ಮನೆ ಕುಳಿತು, ಬಳಿಕ ಕೇಳಿದರು: “ಮಾಷ್ಟ್ರೇ, ನೀವು ಬೇಸರ ಮಾಡಬಾರದು. ನಮ್ಮ ಕನ್ನಡದಲ್ಲಿ ನಮ್ಮದೇ ಅಂತ ಏನುಂಟು? ಅರ್ಧ ಸಂಸ್ಕೃತ, ನಡುವೆ ಮಲಯಾಳ, ಉಳಿದದ್ದು ಇಂಗ್ಲಿಷು. ಇಷ್ಟು ಸಾಲ ಮಾಡಿದ ಭಾಷೆಗೋಸ್ಕರ ಮಗುವಿನ ತಲೆಗೆ ಇನ್ನೊಂದು ಲಿಪಿಯ ಭಾರ ಯಾಕೆ?”

ನಾನು ಆ ಹೊತ್ತಿಗೆ ತೋಚಿದ ಉತ್ತರ ಕೊಟ್ಟೆ. ಮಾತೃಭಾಷೆ, ಸಂಸ್ಕೃತಿ, ಪರಂಪರೆ ಎಂದು ರಾಜ್ಯೋತ್ಸವದ ಭಾಷಣದಲ್ಲಿ ಹೇಳುವ ಮಾತುಗಳನ್ನೇ ಹೇಳಿದೆ. ಅವರು ವಿನಯದಿಂದ ಕೇಳಿಸಿಕೊಂಡು, ನಮಸ್ಕರಿಸಿ ಹೋದರು. ಆ ಮಗು ನಮ್ಮ ಶಾಲೆಗೆ ಬರಲಿಲ್ಲ. ಅವರ ಪ್ರಶ್ನೆ ಪ್ರಾಮಾಣಿಕವಾಗಿತ್ತು. ನನ್ನ ಉತ್ತರ ಅದಕ್ಕೆ ತಕ್ಕುದಾಗಿರಲಿಲ್ಲ. ನಿವೃತ್ತಿಯ ಬಿಡುವಿನಲ್ಲಿ ಜಪಾನೀ ಭಾಷೆಯ ಚರಿತ್ರೆಯನ್ನು ಓದತೊಡಗಿದ ಮೇಲೆ, ಸರಿಯಾದ ಉತ್ತರ ಆ ದಿನ ಅಂಗಳದಲ್ಲೇ ಮಳೆಗೆ ನೆನೆಯುತ್ತ ನಿಂತಿತ್ತೆಂದು ತಿಳಿಯಿತು. ಆ ಉತ್ತರವನ್ನು ಈಗ ತಮ್ಮ ಮುಂದಿಡುತ್ತಿದ್ದೇನೆ. ಸ್ವಲ್ಪ ದೀರ್ಘವಾದೀತು, ತಾಳ್ಮೆಯಿಂದ ಓದಬೇಕಾಗಿ ಪ್ರಾರ್ಥನೆ.

‘ರಿಕ್ಷಾ’ ಎಂಬ ಪದ ಜಪಾನಿನದು. ಅದರ ಪೂರ್ಣರೂಪ ‘ಜಿನ್‌ರಿಕಿಷಾ’. ಜಿನ್ ಎಂದರೆ ಮನುಷ್ಯ, ರಿಕಿ ಎಂದರೆ ಬಲ, ಷಾ ಎಂದರೆ ಗಾಡಿ. ಒಟ್ಟಿನಲ್ಲಿ ಮನುಷ್ಯಬಲದ ಗಾಡಿ. 1870ರ ಸುಮಾರಿಗೆ ಟೋಕಿಯೊ ನಗರದಲ್ಲಿ ಈ ಗಾಡಿಯೂ ಈ ಹೆಸರೂ ಬಳಕೆಗೆ ಬಂದವು. ವಿಶೇಷವೇನೆಂದರೆ, ಈ ಮೂರು ತುಣುಕುಗಳಲ್ಲಿ ಒಂದೂ ಅಚ್ಚ ಜಪಾನೀ ಶಬ್ದವಲ್ಲ. ಮನುಷ್ಯನಿಗೆ ‘ಹಿತೊ’, ಬಲಕ್ಕೆ ‘ಚಿಕಾರಾ’, ಗಾಡಿಗೆ ‘ಕುರುಮಾ’ ಎಂಬ ದೇಶ್ಯಪದಗಳು ಅವರಲ್ಲಿವೆ. ಜಿನ್, ರಿಕಿ, ಷಾ ಎಂಬಿವು ಸಾವಿರ ವರ್ಷಕ್ಕೂ ಹಿಂದೆ ಚೀನಾದಿಂದ ಅಕ್ಷರಗಳ ಜೊತೆಯಲ್ಲಿ ಬಂದ ಶಬ್ದಗಳು. ಹೀಗೆ ಸಾಲದ ಸಾಮಗ್ರಿಯಿಂದ ಜಪಾನೀಯರು ಹೊಸ ಪದವೊಂದನ್ನು ಕಟ್ಟಿದರು; ಇಂಗ್ಲಿಷು ಅದನ್ನು ಅವರಿಂದ ಸಾಲ ಪಡೆಯಿತು; ಇಂಗ್ಲಿಷಿನ ಮೂಲಕ ಅದು ಕನ್ನಡ, ಮಲಯಾಳ, ತಮಿಳು, ತೆಲುಗು, ಮರಾಠಿಗಳ ಬೀದಿಗೆಲ್ಲ ಬಂತು. ಸಾಲ ಮಾಡಿದ ಭಾಷೆ ಬಡಭಾಷೆಯೆಂದು ಹೇಳಿದ ಆ ತಂದೆಯ ಅನ್ನದ ದಾರಿಯೇ ಸಾಲದ ಪದದಿಂದ ಹೆಸರು ಪಡೆದಿತ್ತು.

ಇದು ಹೇಗಾಯಿತೆಂಬುದನ್ನು ಮೊದಲಿನಿಂದ ನೋಡೋಣ.

ಜಪಾನಿಗೆ ಸ್ವಂತ ಲಿಪಿ ಇರಲಿಲ್ಲ. ಬರವಣಿಗೆಯೆಂದರೆ ಅವರಿಗೆ ಚೀನೀ ಅಕ್ಷರವೇ. ಅದನ್ನು ಅವರು ‘ಕಾಂಜಿ’ ಎನ್ನುತ್ತಾರೆ. ಹಾನ್ ಜನರ ಅಕ್ಷರ ಎಂದು ಅರ್ಥ. (ಹೆಸರು ಕೇಳಿ ಗಂಜಿಯ ನೆನಪಾದರೆ ತಪ್ಪಿಲ್ಲ, ಎರಡಕ್ಕೂ ಸಂಬಂಧ ಮಾತ್ರ ಇಲ್ಲ.) 1784ರಲ್ಲಿ ಫುಕುಒಕಾ ಪ್ರದೇಶದ ಷಿಕಾನೊಷಿಮಾ ಎಂಬಲ್ಲಿ ಚಿನ್ನದ ಮುದ್ರೆಯೊಂದು ದೊರೆಯಿತು. ಕ್ರಿ.ಶ. 57ರಲ್ಲಿ ಹಾನ್ ಚಕ್ರವರ್ತಿ ಜಪಾನಿನ ಒಬ್ಬ ಅರಸನಿಗೆ ಕೊಟ್ಟ ಮುದ್ರೆ ಅದೆಂದು ವಿದ್ವಾಂಸರು ಗುರುತಿಸಿದ್ದಾರೆ. ಅದರ ಮೇಲೆ ಐದು ಚೀನೀ ಅಕ್ಷರಗಳಿವೆ. ಇನಾರಿಯಾಮಾ ಎಂಬ ಸಮಾಧಿದಿಬ್ಬದಲ್ಲಿ ಸಿಕ್ಕಿದ ಕತ್ತಿಯ ಮೇಲೆ ಚಿನ್ನದಲ್ಲಿ ಕೆತ್ತಿದ 115 ಅಕ್ಷರಗಳ ಶಾಸನವಿದೆ. ಅದರ ಕಾಲ ಸಾಮಾನ್ಯವಾಗಿ 471 ಎಂದು ಒಪ್ಪಲಾಗಿದೆ. ಅಷ್ಟು ಹೊತ್ತಿಗೆ ಒಂದು ಹೊಸ ಉಪಾಯ ಕಾಣಿಸಿಕೊಂಡಿತ್ತು. ಅರಸನ ಮತ್ತು ಅವನ ಸೇವಕನ ಪೂರ್ವಜರ ಜಪಾನೀ ಹೆಸರುಗಳನ್ನು ಬರೆಯುವಾಗ, ಚೀನೀ ಅಕ್ಷರದ ಅರ್ಥವನ್ನು ಬದಿಗಿಟ್ಟು ಧ್ವನಿಯನ್ನು ಮಾತ್ರ ಬಳಸಿಕೊಂಡಿದ್ದರು.

ಉಪಾಯ ಬೇಕಾದುದು ಏಕೆಂದರೆ ಎರಡು ಭಾಷೆಗಳ ಜಾಯಮಾನವೇ ಬೇರೆ. ಚೀನೀ ಭಾಷೆಯಲ್ಲಿ ವಿಭಕ್ತಿಪ್ರತ್ಯಯಗಳಿಲ್ಲ. ಕಾಲಕ್ಕೆ ತಕ್ಕಂತೆ ಕ್ರಿಯಾಪದ ರೂಪ ಬದಲಿಸುವುದಿಲ್ಲ. ಕರ್ತೃವಿನ ಬಳಿಕ ಕ್ರಿಯೆ, ಆಮೇಲೆ ಕರ್ಮ. ಜಪಾನೀ ಭಾಷೆಯ ವಾಕ್ಯರಚನೆ ನಮ್ಮ ಕನ್ನಡದಂತಿದೆ. ಪ್ರತ್ಯಯ ನಾಮಪದಕ್ಕೆ ಅಂಟಿ ಬರುತ್ತದೆ, ಕ್ರಿಯಾಪದ ಕೊನೆಯಲ್ಲಿ ನಿಲ್ಲುತ್ತದೆ. ‘ಬೆಟ್ಟಕ್ಕೆ ಹೋದೆ’ ಎಂಬುದನ್ನು ಅವರು ‘ಯಾಮಾ-ನಿ ಇತ್ತಾ’ ಎನ್ನುತ್ತಾರೆ. ಯಾಮಾ ಎಂದರೆ ಬೆಟ್ಟ, ನಿ ಎಂದರೆ ನಮ್ಮ ‘ಕ್ಕೆ’, ಇತ್ತಾ ಎಂದರೆ ಹೋದೆ. ಬೆಟ್ಟಕ್ಕೂ ಹೋಗುವುದಕ್ಕೂ ಚೀನೀ ಅಕ್ಷರವಿತ್ತು. ‘ಕ್ಕೆ’ ಎಂಬುದಕ್ಕೂ ‘ದೆ’ ಎಂಬುದಕ್ಕೂ ಇರಲಿಲ್ಲ. ಭಾಷೆಯ ಬೆನ್ನುಮೂಳೆಯೇ ಬರವಣಿಗೆಯ ಹೊರಗೆ ಉಳಿದಿತ್ತು.

ಜಪಾನೀಯರು ಕಂಡುಕೊಂಡ ದಾರಿಯನ್ನು ಗಡಿನಾಡಿನವರಾದ ತಮಗೆ ವಿವರಿಸುವುದು ಕಷ್ಟವಲ್ಲ. 5 ಎಂಬ ಅಂಕೆಯನ್ನು ಬರೆದು ನಮ್ಮೂರಿನ ನಾಲ್ಕು ಮಕ್ಕಳ ಮುಂದೆ ಹಿಡಿಯಿರಿ. ಕನ್ನಡದ ಮಗು ‘ಐದು’ ಎನ್ನುತ್ತದೆ, ಮಲಯಾಳದ ಮಗು ‘ಅಞ್ಚ್’ ಎನ್ನುತ್ತದೆ, ಮರಾಠಿಯದು ‘ಪಾಚ್’, ಇಂಗ್ಲಿಷ್ ಶಾಲೆಯದು ‘ಫೈವ್’. ಗುರುತು ಒಂದೇ, ಓದು ಓದುವವನ ಬಾಯಿಗೆ ಸೇರಿದ್ದು. ಅಂಕೆ ನಮ್ಮೂರಲ್ಲಿ ಹುಟ್ಟಿತೋ ಪರವೂರಿಂದ ಬಂದಿತೋ ಎಂದು ಯಾವ ಮಗುವೂ ಕೇಳುವುದಿಲ್ಲ. ನಾವು ‘5ಕ್ಕೆ’ ಎಂದು ಬರೆದು ‘ಐದಕ್ಕೆ’ ಎಂದು ಓದುತ್ತೇವೆ. ‘1ನೆಯ’ ಎಂದು ಬರೆದು ‘ಒಂದನೆಯ’ ಎನ್ನುತ್ತೇವೆ. ಅರ್ಥಕ್ಕೆ ಸರ್ವಸಾಮಾನ್ಯ ಗುರುತು, ಪ್ರತ್ಯಯಕ್ಕೆ ನಮ್ಮ ಅಕ್ಷರ. ನಾವು ಅಂಕೆಗಳಲ್ಲಿ ಮಾತ್ರ ಮಾಡುವ ಈ ಕೆಲಸವನ್ನು ಜಪಾನೀಯರು ಇಡೀ ಭಾಷೆಗೆ ಮಾಡಿಕೊಂಡರು.

ಆದುದರಿಂದ ಜಪಾನಿನಲ್ಲಿ ಒಂದು ಚೀನೀ ಅಕ್ಷರಕ್ಕೆ ಸಾಮಾನ್ಯವಾಗಿ ಎರಡು ಬಗೆಯ ಓದು. ಚೀನಾದಿಂದ ಬಂದ ಧ್ವನಿಯ ಓದಿಗೆ ‘ಒನ್’ ಎಂದು ಹೆಸರು. ಅರ್ಥವನ್ನು ಹಿಡಿದು ತಮ್ಮ ದೇಶ್ಯಪದದಿಂದ ಓದುವುದಕ್ಕೆ ‘ಕುನ್’ ಎಂದು ಹೆಸರು. ಬೆಟ್ಟದ ಅಕ್ಷರ ಒಂಟಿಯಾಗಿ ನಿಂತಾಗ ‘ಯಾಮಾ’. ಫುಜಿ ಪರ್ವತದ ಹೆಸರಿನಲ್ಲಿ ಅದೇ ಅಕ್ಷರ ‘ಸಾನ್’ ಆಗಿ ‘ಫುಜಿಸಾನ್’. ನೀರಿನ ಅಕ್ಷರ ‘ಮಿಜು’ವೂ ಹೌದು, ‘ಸುಯ್’ ಕೂಡ ಹೌದು. ನಾವು ‘ಜಲ’ ಎಂದು ಬರೆದು, ಸಂದರ್ಭ ನೋಡಿ ಒಮ್ಮೆ ‘ಜಲ’ ಎಂದೂ ಇನ್ನೊಮ್ಮೆ ‘ನೀರು’ ಎಂದೂ ಓದಿದರೆ ಹೇಗೋ ಹಾಗೆ. ಸಾಲದ್ದಕ್ಕೆ ಚೀನಾದ ಶಬ್ದಗಳು ಒಂದೇ ಕಾಲದಲ್ಲಿ ಬಂದುವಲ್ಲ. ಮೊದಲ ತಂಡ ದಕ್ಷಿಣ ಚೀನಾದ ಉಚ್ಚಾರಣೆಯನ್ನು ತಂದಿತು. ಎರಡನೆಯದು ತಾಂಗ್ ರಾಜಧಾನಿಯ ಉಚ್ಚಾರಣೆಯನ್ನು. ಮೂರನೆಯದು ಮುಂದೆ ಜೆನ್ ಬೌದ್ಧ ಸಂನ್ಯಾಸಿಗಳೊಡನೆ ಬಂತು. ‘ಹೋಗು’ ಎಂಬ ಅರ್ಥದ ಒಂದೇ ಅಕ್ಷರ ತಪಸ್ಸಿನ ಸಾಧನೆ ಎಂಬ ಪದದಲ್ಲಿ ‘ಗ್ಯೋ’, ಬ್ಯಾಂಕು ಎಂಬ ಪದದಲ್ಲಿ ‘ಕೋ’, ಯಾತ್ರೆ ಎಂಬ ಪದದಲ್ಲಿ ‘ಅನ್’. ತತ್ಸಮ, ತದ್ಭವಗಳನ್ನು ಬಲ್ಲ ಕನ್ನಡಿಗರಿಗೆ ಈ ಪದರಗಳು ಅಪರಿಚಿತವಾಗಿ ತೋರಬೇಕಾಗಿಲ್ಲ.

712ರಲ್ಲಿ ‘ಕೊಜಿಕಿ’ ಎಂಬ ಪುರಾಣ-ಚರಿತ್ರೆಯನ್ನು ಬರೆದ ಓ ನೊ ಯಾಸುಮಾರೊ ಅದರ ಪೀಠಿಕೆಯಲ್ಲಿ ತನ್ನ ಕಷ್ಟವನ್ನು ತೋಡಿಕೊಂಡಿದ್ದಾನೆ. ಅರ್ಥ ಹಿಡಿದು ಬರೆದರೆ ಮಾತು ಮನಸ್ಸಿಗೆ ಮುಟ್ಟುವುದಿಲ್ಲ, ಧ್ವನಿ ಹಿಡಿದು ಬರೆದರೆ ಬರಹ ಉದ್ದವಾಗುತ್ತದೆ ಎಂಬುದು ಅವನ ಅಳಲು. ಕೊನೆಗೆ ಎರಡನ್ನೂ ಬೆರೆಸಿ ಬರೆದ. ಅದೇ ಶತಮಾನದ ‘ಮಾನ್ಯೋಷೂ’ ಎಂಬ ಸಂಕಲನದಲ್ಲಿ 4,500ಕ್ಕೂ ಮಿಕ್ಕ ಪದ್ಯಗಳಿವೆ. ಅದರ ಬರವಣಿಗೆಯಲ್ಲಿ ಒಂದು ತಮಾಷೆಯಿದೆ. ಮಗ್ಗಿ ಹೇಳಿಸಿ ಜೀವ ಸವೆಸಿದ ಮೇಷ್ಟ್ರಿಗೆ ಅದು ಬಲು ಇಷ್ಟ. ‘ಕುಕು’ ಎಂಬ ಧ್ವನಿಯನ್ನು ಬರೆಯಬೇಕಾದಲ್ಲಿ ಲಿಪಿಕಾರ ‘ಎಂಬತ್ತೊಂದು’ ಎಂದು ಬರೆದಿದ್ದಾನೆ. ‘ಕು’ ಎಂದರೆ ಒಂಬತ್ತು, ಒಂಬತ್ತೊಂಬತ್ತಲೆ ಎಂಬತ್ತೊಂದು! ಪರಭಾಷೆಯ ಅಕ್ಷರದ ಮುಂದೆ ಹೆದರಿ ನಿಂತವರು ಹೀಗೆ ಆಟವಾಡುವುದಿಲ್ಲ.

ಧ್ವನಿಗಾಗಿ ಬಳಸಿದ ಅಕ್ಷರಗಳು ಬರೆಬರೆಯುತ್ತ ಸರಳವಾದವು. ಚೀನೀ ಅಕ್ಷರವನ್ನು ಬಳ್ಳಿಯಂತೆ ಓಡಿಸಿ ಬರೆದಾಗ ‘ಹಿರಾಗಾನ’ ಆಯಿತು. ಬೌದ್ಧ ಸಂನ್ಯಾಸಿಗಳು ಚೀನೀ ಗ್ರಂಥದ ಸಾಲುಗಳ ಪಕ್ಕದಲ್ಲಿ ಓದುವ ಕ್ರಮವನ್ನು ಗುರುತು ಹಾಕಲು ಅಕ್ಷರದ ಒಂದು ತುಣುಕನ್ನು ಮಾತ್ರ ಬರೆದಾಗ ‘ಕಾತಾಕಾನ’ ಆಯಿತು. ಗಂಡಸರು ಆಡಳಿತಕ್ಕೂ ಪಾಂಡಿತ್ಯಕ್ಕೂ ಚೀನೀ ಭಾಷೆಯನ್ನೇ ಬಳಸುತ್ತಿದ್ದ ಕಾಲವದು. ಹಿರಾಗಾನಕ್ಕೆ ‘ಹೆಂಗಸರ ಕೈಬರಹ’ ಎಂಬ ಹೆಸರಿತ್ತು. ಆ ಕೈಬರಹದಲ್ಲೇ 11ನೆಯ ಶತಮಾನದ ಆರಂಭದಲ್ಲಿ ಮುರಾಸಾಕಿ ಷಿಕಿಬು ಎಂಬ ಮಹಿಳೆ ‘ಗೆಂಜಿ’ಯ ಕಥೆಯನ್ನು ಬರೆದಳು. ಇಂದು ಲೋಕ ಜಪಾನೀ ಸಾಹಿತ್ಯವೆಂದರೆ ಮೊದಲು ನೆನೆಯುವುದು ಮನೆಮಾತಿನಲ್ಲಿ ಬರೆದ ಆ ಗ್ರಂಥವನ್ನು. ಮನೆಯಲ್ಲಿ ಮಕ್ಕಳಿಗೆ ಕನ್ನಡ ಓದಿಸುವ ತಾಯಂದಿರು ಇದನ್ನು ನೆನಪಿಡಬೇಕು.

ಇಲ್ಲಿ ನಮಗೂ ಅವರಿಗೂ ಒಂದು ನಿಜವಾದ ನಂಟಿದೆ. ಜಪಾನಿನ ಮಕ್ಕಳು ಇಂದು ಕಲಿಯುವ ಅಕ್ಷರಮಾಲೆಯ ಕ್ರಮ ಹೀಗಿದೆ: ಅ, ಇ, ಉ, ಎ, ಒ, ಬಳಿಕ ಕ, ಸ, ತ, ನ, ಹ, ಮ, ಯ, ರ, ವ. ಕೇಳಿದಂತಿದೆಯಲ್ಲವೇ? ಬೌದ್ಧಧರ್ಮದ ಜೊತೆಯಲ್ಲಿ ಹೋದ ಸಂಸ್ಕೃತದ ವರ್ಣಮಾಲೆಯ ಅಧ್ಯಯನದಿಂದ ಬಂದ ಕ್ರಮ ಇದು. 752ರಲ್ಲಿ ನಾರಾ ನಗರದ ಮಹಾಬುದ್ಧನ ವಿಗ್ರಹಕ್ಕೆ ಕಣ್ಣು ತೆರೆಯುವ ವಿಧಿಯನ್ನು ನಡೆಸಿದವನು ದಕ್ಷಿಣ ಭಾರತದ ಬೋಧಿಸೇನ. 804ರಲ್ಲಿ ಚೀನಾಕ್ಕೆ ಹೋದ ಕೂಕಾಯ್ ಎಂಬ ಜಪಾನೀ ಸಂನ್ಯಾಸಿ ಅಲ್ಲಿ ಪ್ರಜ್ಞ ಎಂಬ ಭಾರತೀಯ ಭಿಕ್ಷುವಿನಿಂದ ಸಂಸ್ಕೃತ ಕಲಿತನು. ಮೇಲಿನ ಸಾಲಿನಲ್ಲಿ ‘ಪ’ ಇರಬೇಕಾದ ಸ್ಥಾನದಲ್ಲಿ ‘ಹ’ ಇರುವುದನ್ನು ತಾವು ಗಮನಿಸಿರಬಹುದು. ಹಿಂದೆ ಅಲ್ಲಿ ‘ಪ’ವೇ ಇತ್ತು, ಕಾಲಕ್ರಮದಲ್ಲಿ ‘ಹ’ ಆಯಿತು. ಹಳಗನ್ನಡದ ‘ಪಾಲ್’ ನಮ್ಮಲ್ಲಿ ‘ಹಾಲು’ ಆದಂತೆ! ನಮ್ಮ ಗಡಿಯಾಚೆಯ ನೆರೆಯವರು ಇಂದಿಗೂ ‘ಪಾಲ್’ ಎನ್ನುತ್ತಾರೆ.

ಚೀನೀ ಅಕ್ಷರದ ವೇಷದಲ್ಲಿ ನಮ್ಮ ದೇಶದ ಪದಗಳೂ ಅಲ್ಲಿಗೆ ಹೋಗಿ ನೆಲಸಿವೆ. ನಮ್ಮ ‘ಕ್ಷಣ’ ಅಲ್ಲಿ ‘ಸೆತ್ಸುನಾ’, ‘ನರಕ’ ಅಲ್ಲಿ ‘ನರಾಕು’, ‘ಧ್ಯಾನ’ ಅಲ್ಲಿ ‘ಜೆನ್’. ‘ದಾನ’ ಎಂಬುದು ‘ದನ್ನಾ’ ಆಗಿ, ಮೊದಲು ಮಠಕ್ಕೆ ದಾನ ಕೊಡುವವನು, ಆಮೇಲೆ ಯಜಮಾನ, ಕೊನೆಗೆ ಮನೆಯ ಗಂಡ ಎಂಬ ಅರ್ಥಕ್ಕೆ ಇಳಿದಿದೆ. ಜಪಾನಿನ ಗೃಹಿಣಿ ‘ನಮ್ಮ ಯಜಮಾನರು’ ಎನ್ನುವಾಗ ತಾನು ಸಂಸ್ಕೃತ ಮಾತಾಡುತ್ತಿದ್ದೇನೆಂದು ತಿಳಿದಿರುವುದಿಲ್ಲ. ಪದಗಳಿಗೆ ಗಡಿರೇಖೆ ಕಾಣಿಸದು.

ಹಾಗಾದರೆ ಇಂದಿನ ಜಪಾನೀ ಭಾಷೆಯಲ್ಲಿ ಸಾಲವೆಷ್ಟು? ಅಲ್ಲಿನ ರಾಷ್ಟ್ರೀಯ ಭಾಷಾ ಸಂಶೋಧನ ಸಂಸ್ಥೆ 1956ರಲ್ಲಿ ಪ್ರಕಟವಾದ 90 ನಿಯತಕಾಲಿಕೆಗಳ ಪದಗಳನ್ನು ಎಣಿಸಿತು. ಬೇರೆಬೇರೆ ಪದಗಳೆಷ್ಟು ಎಂದು ನೋಡಿದರೆ ನೂರಕ್ಕೆ ಸುಮಾರು 47 ಚೀನೀ ಮೂಲದವು, ಸುಮಾರು 37 ಮಾತ್ರ ದೇಶ್ಯ. ಆದರೆ ಪ್ರತಿಯೊಂದು ಪದ ಎಷ್ಟು ಬಾರಿ ಬಂದಿದೆಯೆಂದು ಎಣಿಸಿದರೆ ಲೆಕ್ಕ ತಿರುಗುತ್ತದೆ: ದೇಶ್ಯ ಸುಮಾರು 54, ಚೀನೀ ಮೂಲದ್ದು 41ರಷ್ಟು. ಅಂದರೆ ನಿಘಂಟಿನಲ್ಲಿ ಸಾಲದ್ದು ಹೆಚ್ಚು, ನಾಲಿಗೆಯ ಮೇಲೆ ಸ್ವಂತದ್ದು ಹೆಚ್ಚು. ಬಾ, ಹೋಗು, ಉಣ್ಣು, ಕೊಡು, ಮನೆ, ಮಳೆ, ಅಮ್ಮ ಎಂಬಂಥ ಪದಗಳು ದಿನಕ್ಕೆ ನೂರು ಬಾರಿ ಬರುತ್ತವೆ. ‘ಅರ್ಥಶಾಸ್ತ್ರ’ ದಿನಕ್ಕೊಮ್ಮೆ ಬಂದರೆ ಹೆಚ್ಚು. ‘ಅರ್ಧ ಸಂಸ್ಕೃತ’ ಎಂದ ಆ ತಂದೆಯ ಮಾತಿನಲ್ಲಿಯೇ ಏನು, ಉಂಟು, ಸಾಲ, ಮಾಡು, ತಲೆ, ಯಾಕೆ ಎಂಬ ಅಚ್ಚಗನ್ನಡ ಪದಗಳು ತುಂಬಿದ್ದುವು. ನಾನು ಆಗ ಅದನ್ನು ಎಣಿಸಲಿಲ್ಲ.

ಸ್ವಂತದ ಪದಗಳು ಸಾಲದ ಪದಗಳನ್ನು ಕಾಪಾಡುವುದೂ ಉಂಟು. ಚೀನೀ ಭಾಷೆಯಲ್ಲಿ ಸ್ವರದ ಏರಿಳಿತದಿಂದ ಬೇರೆಯಾಗುತ್ತಿದ್ದ ಅನೇಕ ಶಬ್ದಗಳು ಜಪಾನೀ ಬಾಯಲ್ಲಿ ಒಂದೇ ಆಗಿಬಿಟ್ಟವು. ‘ಖಾಸಗಿ’ ಶಾಲೆಯೂ ‘ಷಿರಿತ್ಸು’, ‘ನಗರಸಭೆ’ಯ ಶಾಲೆಯೂ ‘ಷಿರಿತ್ಸು’. ಮಗುವನ್ನು ಸೇರಿಸಲು ಹೊರಟ ತಂದೆತಾಯಿಗಳಿಗೆ ಯಾವುದು ಎಂದು ತಿಳಿಯುವುದು ಹೇಗೆ? ಆಗ ಅವರು ಮೊದಲ ಅಕ್ಷರವನ್ನು ದೇಶ್ಯದ ಓದಿನಲ್ಲಿ ಹೇಳುತ್ತಾರೆ: ಒಂದು ‘ವಾತಾಕುಷಿರಿತ್ಸು’, ಇನ್ನೊಂದು ‘ಇಚಿರಿತ್ಸು’. ವಿಜ್ಞಾನವೂ ರಸಾಯನಶಾಸ್ತ್ರವೂ ‘ಕಾಗಾಕು’ ಎಂದೇ ಕೇಳಿಸುವುದರಿಂದ ಎರಡನೆಯದನ್ನು ಆಡುಮಾತಿನಲ್ಲಿ ‘ಬಾಕೆಗಾಕು’ ಎನ್ನುವುದುಂಟು. ಸಾಲದ ಪದಗಳು ಗೊಂದಲ ಮಾಡಿದಾಗ ಬಿಡಿಸುವುದು ಮನೆಯ ಪದ. ಮನೆಯ ಪದವೇ ಮರೆತುಹೋದರೆ ಬಿಡಿಸುವವರು ಯಾರು?

ಇನ್ನು ಹೊಸ ವಿದ್ಯೆಯ ಕಥೆ. 1771ರಲ್ಲಿ ಎಡೊ ನಗರದ, ಎಂದರೆ ಇಂದಿನ ಟೋಕಿಯೊದ, ವಧಾಸ್ಥಾನದಲ್ಲಿ ಶವಚ್ಛೇದನ ನಡೆಯಿತು. ಸುಗಿತಾ ಗೆಂಪಾಕು, ಮಾಎನೊ ರ್ಯೋತಾಕು ಮತ್ತು ಅವರ ಸಂಗಡಿಗ ವೈದ್ಯರು ಡಚ್ ಭಾಷೆಯ ಅಂಗರಚನಾಶಾಸ್ತ್ರದ ಪುಸ್ತಕವೊಂದನ್ನು ಹಿಡಿದು ನೋಡಲು ಹೋದರು. ಪುಸ್ತಕದ ಚಿತ್ರ ಕಣ್ಣೆದುರಿನ ದೇಹಕ್ಕೆ ತಾಳೆಯಾಯಿತು. ತಾವು ಕಲಿತ ಹಳೆಯ ಶಾಸ್ತ್ರ ತಾಳೆಯಾಗಲಿಲ್ಲ. ಅದನ್ನು ಅನುವಾದಿಸಲು ನಿಶ್ಚಯಿಸಿದರು. ಡಚ್ ಭಾಷೆ ಅವರಿಗೆ ಅಷ್ಟಕ್ಕಷ್ಟೇ. ಆದರೂ ಕೆಲಸ ಮುಗಿಸಿ 1774ರಲ್ಲಿ ‘ಕಾಯ್ತಾಯ್ ಷಿನ್ಷೊ’ ಎಂಬ ಗ್ರಂಥವನ್ನು ಪ್ರಕಟಿಸಿದರು. ನರ ಎಂಬುದಕ್ಕೆ ಚೀನೀ ವೈದ್ಯದಲ್ಲಿ ಸರಿಯಾದ ಪದವಿರಲಿಲ್ಲ. ಚೇತನ ಎಂಬ ಅರ್ಥದ ‘ಷಿನ್’, ನಾಳ ಎಂಬ ಅರ್ಥದ ‘ಕೆಯ್’ ಎರಡನ್ನೂ ಕೂಡಿಸಿ ‘ಷಿನ್‌ಕೆಯ್’ ಎಂದು ಕಟ್ಟಿದರು. ಇಂದು ಆ ಪದ ಚೀನಾದಲ್ಲಿಯೂ ಬಳಕೆಯಲ್ಲಿದೆ.

ಮೆಯ್ಜಿ ಕಾಲದಲ್ಲಿ, 1868ರ ಬಳಿಕ, ಈ ಪದಕಟ್ಟುವ ಕೆಲಸ ಪ್ರವಾಹದಂತೆ ನಡೆಯಿತು. ಹಾಲೆಂಡಿನ ಲೈಡನ್ ನಗರದಲ್ಲಿ ಓದಿ ಬಂದ ನಿಷಿ ಅಮಾನೆ ತತ್ತ್ವಶಾಸ್ತ್ರಕ್ಕೆ ‘ತೆತ್ಸುಗಾಕು’ ಎಂಬ ಪದ ಕೊಟ್ಟನು. ಮಿಂಚಿನ ಅಕ್ಷರವಾದ ‘ದೆನ್’ ಎಂಬುದಕ್ಕೆ ಮಾತಿನ ಅಕ್ಷರ ಸೇರಿಸಿದರೆ ‘ದೆನ್ವಾ’, ದೂರವಾಣಿ; ಗಾಡಿಯ ಅಕ್ಷರ ಸೇರಿಸಿದರೆ ‘ದೆನ್‌ಷಾ’, ವಿದ್ಯುತ್ ರೈಲು. ಕಲಿಕೆಯ ಅಕ್ಷರವಾದ ‘ಗಾಕು’ ಒಂದರಿಂದ ಶಾಲೆ, ವಿದ್ಯಾರ್ಥಿ, ವಿಶ್ವವಿದ್ಯಾಲಯ, ಗಣಿತ, ವಿಜ್ಞಾನಗಳ ಹೆಸರುಗಳೆಲ್ಲ ಕಟ್ಟಲ್ಪಟ್ಟವು. 1896ರಿಂದ ಚೀನಾದ ವಿದ್ಯಾರ್ಥಿಗಳು ಜಪಾನಿಗೆ ಓದಲು ಬರತೊಡಗಿದರು. ಮುಂದೆ ಅವರ ಸಂಖ್ಯೆ ಸಾವಿರಾರಾಯಿತು. ಅವರು ಹಿಂದಿರುಗುವಾಗ ದೂರವಾಣಿ, ತತ್ತ್ವಶಾಸ್ತ್ರ, ಸಮಾಜ, ಅರ್ಥವ್ಯವಸ್ಥೆ ಎಂಬ ಅರ್ಥದ ಪದಗಳನ್ನು ತಮ್ಮ ಉಚ್ಚಾರಣೆಗೆ ತಿರುಗಿಸಿಕೊಂಡು ಕೊಂಡೊಯ್ದರು. ಸಾಲ ಕೊಟ್ಟ ಮನೆಗೇ ಸಾಲಗಾರನಿಂದ ಬಡ್ಡಿ ಸಂದಿತು.

ಬಂಧುಗಳೇ, ಇಷ್ಟೆಲ್ಲ ನಡೆಯುತ್ತಿದ್ದ ಅದೇ ಕಾಲದಲ್ಲಿ ನಮ್ಮ ರಿಕ್ಷಾದ ತಂದೆಯ ಪ್ರಶ್ನೆಯನ್ನು ಜಪಾನಿನ ದೊಡ್ಡ ಮನುಷ್ಯನೊಬ್ಬ ಕೇಳಿದ್ದ. ಅವನ ಹೆಸರು ಮೋರಿ ಅರಿನೋರಿ. ವಾಷಿಂಗ್ಟನ್ನಿನಲ್ಲಿ ಜಪಾನಿನ ರಾಜಪ್ರತಿನಿಧಿಯಾಗಿದ್ದ. ಚೀನೀ ಭಾಷೆಯ ಆಸರೆಯಿಲ್ಲದೆ ನಮ್ಮ ಭಾಷೆ ನಿಲ್ಲಲಾರದು, ಅದು ಬಡವಾದುದು, ಇಂಗ್ಲಿಷನ್ನೇ ತಂದುಕೊಂಡರಾಗದೇ ಎಂಬುದು ಅವನ ವಾದ. 1872ರಲ್ಲಿ ಯೇಲ್ ವಿಶ್ವವಿದ್ಯಾಲಯದ ಭಾಷಾಶಾಸ್ತ್ರಜ್ಞ ವಿಟ್ನಿಗೆ ಪತ್ರ ಬರೆದು ಅಭಿಪ್ರಾಯ ಕೇಳಿದ. ವಿಟ್ನಿ ಸಂಸ್ಕೃತ ವಿದ್ವಾಂಸನೂ ಹೌದು, ಇಂಗ್ಲಿಷರ ಭಾಷೆಯವನೂ ಹೌದು. ಆದರೂ ಅವನು ಒಪ್ಪಲಿಲ್ಲ. ಜನಸಾಮಾನ್ಯರನ್ನು ಅವರ ಭಾಷೆಯ ಮೂಲಕವೇ ಮೇಲೆತ್ತಬೇಕೆಂದು ಸಲಹೆಯಿತ್ತ. ಲಂಡನ್ನಿನಲ್ಲಿ ಓದುತ್ತಿದ್ದ ಬಾಬಾ ತಾತ್ಸುಯಿ ಎಂಬ ತರುಣ 1873ರಲ್ಲಿ ಜಪಾನೀ ವ್ಯಾಕರಣವನ್ನೇ ಬರೆದು ಉತ್ತರ ಕೊಟ್ಟ. ಪರಭಾಷೆ ಕಲಿಯಲು ಬಿಡುವೂ ಹಣವೂ ಉಳ್ಳವರು ಮುಂದೆ ಹೋಗುತ್ತಾರೆ, ದುಡಿದು ತಿನ್ನುವವರು ಹಿಂದುಳಿಯುತ್ತಾರೆ, ಇಬ್ಬರ ನಡುವೆ ಮಾತೇ ಇಲ್ಲದಂತಾಗುತ್ತದೆ ಎಂಬುದು ಅವನ ಎಚ್ಚರಿಕೆ. ಈ ಎಚ್ಚರಿಕೆಯ ಅರ್ಥ ತಮಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಅಕ್ಷರದ ಭಾರದ ಪ್ರಶ್ನೆಯೂ ಸುಳ್ಳಲ್ಲ. ಚೀನೀ ಅಕ್ಷರಗಳನ್ನು ಕೈಬಿಡಬೇಕೆಂದು 1866ರಲ್ಲಿಯೇ ಮಾಎಜಿಮಾ ಹಿಸೋಕಾ ಅರಿಕೆ ಮಾಡಿದ್ದ. ಮುಂದೆ ಜಪಾನಿಗೆ ಅಂಚೆ ವ್ಯವಸ್ಥೆಯನ್ನು ತಂದವನು ಅವನೇ. ಚೀನೀ ಅಕ್ಷರಗಳಿಂದ ಅಷ್ಟೊಂದು ಪದ ಕಟ್ಟಿದ ನಿಷಿ ಅಮಾನೆಯೂ 1874ರಲ್ಲಿ ರೋಮನ್ ಲಿಪಿ ಸಾಕೆಂದು ಬರೆದ. ಯುದ್ಧದಲ್ಲಿ ಸೋತ ಬಳಿಕ, 1946ರಲ್ಲಿ, ಅಮೆರಿಕದ ಶಿಕ್ಷಣ ನಿಯೋಗವೂ ರೋಮನ್ ಲಿಪಿಯನ್ನೇ ಶಿಫಾರಸು ಮಾಡಿತು. ಆದರೆ 1948ರಲ್ಲಿ ಸುಮಾರು 17 ಸಾವಿರ ಜನರ ಓದುಬರಹವನ್ನು ಪರೀಕ್ಷಿಸಿದಾಗ, ಏನೂ ಬಾರದವರು ನೂರಕ್ಕೆ ಎರಡರ ಆಸುಪಾಸಿನಲ್ಲಿದ್ದರು. ಪೂರ್ತಿ ಅಂಕ ಪಡೆದವರೂ ಕಡಿಮೆಯೇ. ಆದರೂ ಈ ಲಿಪಿಯಿಂದ ಜನ ಓದು ಕಲಿಯಲಾರರೆಂಬ ವಾದ ಅಲ್ಲಿಗೆ ಸೊರಗಿತು.

ಅವರು ಭಾರವನ್ನು ಎಸೆಯದೆ ಮೆಟ್ಟಿಲು ಕಟ್ಟಿದರು. 1946ರಲ್ಲಿ ನಿತ್ಯಬಳಕೆಗೆ 1,850 ಅಕ್ಷರಗಳೆಂದು ಮಿತಿ ಹಾಕಿದರು. 2010ರ ಪಟ್ಟಿಯಲ್ಲಿ ಅವು 2,136. ಮಗು ಶಾಲೆಗೆ ಬಂದಾಗ ಮೊದಲು ಕಲಿಯುವುದು ತನ್ನ ಬಾಯಿಮಾತಿನ ಧ್ವನಿಗಳನ್ನು ಬರೆಯುವ 46 ಹಿರಾಗಾನಗಳನ್ನು. ಬಳಿಕ ಒಂದನೆಯ ತರಗತಿಯಲ್ಲಿ 80 ಚೀನೀ ಅಕ್ಷರ, ಎರಡರಲ್ಲಿ 160. ಆರನೆಯ ತರಗತಿ ಮುಗಿಯುವಾಗ ಈಗಿನ ಲೆಕ್ಕದಲ್ಲಿ 1,026. ಗೊತ್ತಿಲ್ಲದ ಅಕ್ಷರ ಎದುರಾದರೆ ಅದರ ಪಕ್ಕದಲ್ಲಿ ಚಿಕ್ಕದಾಗಿ ಹಿರಾಗಾನದಲ್ಲಿ ಓದನ್ನು ಅಚ್ಚು ಹಾಕುತ್ತಾರೆ. ಅದಕ್ಕೆ ‘ಫುರಿಗಾನ’ ಎಂದು ಹೆಸರು. ಆರು ವರ್ಷದ ಮಗು ಮೂರು ಬಗೆಯ ಲಿಪಿಯನ್ನು ಹೀಗೆ ಹೊರುತ್ತದೆ. ಮೊದಲ ಮೆಟ್ಟಿಲು ಮನೆಮಾತಿನದಾಗಿರುವುದರಿಂದ ಹೊರಲು ಸಾಧ್ಯವಾಗುತ್ತದೆ.

ಇಷ್ಟು ಹೊಗಳಿದ ಮೇಲೆ ಇನ್ನೊಂದು ಮುಖವನ್ನು ಮುಚ್ಚಿಡುವುದು ಧರ್ಮವಲ್ಲ. ತನ್ನ ಭಾಷೆಯನ್ನು ಇಷ್ಟು ಜಾಣತನದಿಂದ ಉಳಿಸಿಕೊಂಡ ದೇಶ ತನ್ನೊಳಗಿನ ಸಣ್ಣ ಭಾಷೆಗಳಿಗೆ ಆ ಅವಕಾಶ ಕೊಡಲಿಲ್ಲ. 1879ರಲ್ಲಿ ಜಪಾನಿಗೆ ಸೇರಿಸಲ್ಪಟ್ಟ ಒಕಿನಾವಾದ ಶಾಲೆಗಳಲ್ಲಿ, ಮನೆಮಾತು ಆಡಿದ ಮಗುವಿನ ಕೊರಳಿಗೆ ಮರದ ಹಲಗೆಯೊಂದನ್ನು ತೂಗುಹಾಕುತ್ತಿದ್ದರು. ಇನ್ನೊಂದು ಮಗು ಅದೇ ತಪ್ಪು ಮಾಡುವವರೆಗೆ ಅದು ಇಳಿಯುತ್ತಿರಲಿಲ್ಲ; ಮಕ್ಕಳೇ ಮಕ್ಕಳನ್ನು ಹಿಡಿದುಕೊಡಬೇಕು. ಉತ್ತರದ ಹೊಕ್ಕೈದೊ ದ್ವೀಪದ ಐನು ಜನರ ಮಕ್ಕಳಿಗೂ ಜಪಾನೀ ಭಾಷೆಯ ಶಾಲೆಯೇ ಗತಿಯಾಯಿತು. ಅಲ್ಲಿನ ಸಪ್ಪೊರೊ ನಗರದ ಹೆಸರು ಐನು ಭಾಷೆಯದು. ಅದನ್ನು ಧ್ವನಿಗೆ ಹೊಂದುವ ಎರಡು ಚೀನೀ ಅಕ್ಷರಗಳಲ್ಲಿ ಬರೆಯುತ್ತಾರೆ. ಆ ಅಕ್ಷರಗಳ ಅರ್ಥಕ್ಕೂ ಊರಿಗೂ ಸಂಬಂಧವಿಲ್ಲ. ಹೆಸರು ಫಲಕದ ಮೇಲೆ ಉಳಿದಿದೆ, ಭಾಷೆ ಮನೆಗಳಿಂದ ಹೋಗಿದೆ. ಐನು ಜನರನ್ನು ಮೂಲನಿವಾಸಿಗಳೆಂದು ಕಾನೂನು ಒಪ್ಪಿಕೊಂಡದ್ದು 2019ರಲ್ಲಿ. ಅದಕ್ಕೆ ಹತ್ತು ವರ್ಷ ಮೊದಲೇ ಯುನೆಸ್ಕೊ ಅವರ ಭಾಷೆಯನ್ನು ಅಳಿವಿನ ಕೊನೆಯ ಅಂಚಿನಲ್ಲಿದೆಯೆಂದು ಗುರುತಿಸಿತ್ತು.

ಈಗ ಆ ತಂದೆಯ ಪ್ರಶ್ನೆಗೆ ಉತ್ತರ ಹೇಳಬಲ್ಲೆ. ಜಪಾನೀ ಭಾಷೆ ಅರ್ಧ ನಿಘಂಟನ್ನೂ ಲಿಪಿಯನ್ನೂ ಪರರಿಂದ ಪಡೆದು ಬಾಳಿತು. ಐನು ಭಾಷೆ ಸೊರಗಿದ್ದು ಪರಪದಗಳು ಹೆಚ್ಚಾಗಿ ಅಲ್ಲ; ಅದರ ಮಕ್ಕಳು ಅದರಲ್ಲಿ ಓದುವುದೂ ಮಾತಾಡುವುದೂ ನಿಂತದ್ದರಿಂದ. ಸಾಲದ ಪದಗಳಿಗೆ ಹೆದರಬೇಡಿ. ‘ರಿಕ್ಷಾಕ್ಕೆ ಕೈ ಹಿಡಿ’ ಎಂಬ ಮಾತಿನಲ್ಲಿ ರಿಕ್ಷಾ ಜಪಾನಿನದಾದರೂ, ‘ಕ್ಕೆ’ ನಮ್ಮದು, ‘ಕೈ’ ನಮ್ಮದು, ‘ಹಿಡಿ’ ನಮ್ಮದು. ಆ ‘ಕ್ಕೆ’ಯನ್ನು ಬರೆಯಲು ಜಪಾನೀಯರು ಶತಮಾನಗಳ ಕಾಲ ಹೆಣಗಿದರು, ನಮಗೆ ಅದು ಸಿದ್ಧವಾಗಿ ಬಂದಿದೆ. ಒಕಿನಾವಾದ ಮಗುವಿಗೆ ಇಲ್ಲದ ಇನ್ನೊಂದು ಬಲವೂ ನಮ್ಮ ಮಕ್ಕಳಿಗಿದೆ. 1956ರಲ್ಲಿ ನಮ್ಮ ಸಂವಿಧಾನಕ್ಕೆ ಸೇರಿದ 350ಎ ವಿಧಿ, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಸುವ ಸೌಕರ್ಯ ಒದಗಿಸಬೇಕೆಂದು ಹೇಳುತ್ತದೆ. ಆದರೆ ಆ ತರಗತಿಯ ಬೆಂಚಿನಲ್ಲಿ ಮಗುವನ್ನು ಕೂರಿಸುವ ಕೆಲಸ ತಂದೆತಾಯಿಗಳದೇ.

ನೆರೆಯ ಭಾಷೆಯನ್ನು ಮಕ್ಕಳು ಚೆನ್ನಾಗಿಯೇ ಕಲಿಯಲಿ. ಅನ್ನ ಕೊಡುವ ಊರಿನ ಭಾಷೆ ಅದು. ಮನೆಯಲ್ಲಿ ಒಂದು ಸಣ್ಣ ಅಭ್ಯಾಸ ಮಾಡಿಸಿ, ದಿನಕ್ಕೆ ಹತ್ತು ನಿಮಿಷ ಸಾಕು. ರಾಜ್ಯಭಾಷೆಯ ಪಾಠಪುಸ್ತಕದಿಂದ ಐದು ಪದಗಳನ್ನು ಮಗು ಆರಿಸಲಿ. ಪದದ ಮೇಲೆ ಪೆನ್ಸಿಲಿನಲ್ಲಿ ಚಿಕ್ಕದಾಗಿ ಕನ್ನಡ ಅಕ್ಷರದಲ್ಲಿ ಅದರ ಧ್ವನಿಯನ್ನು ಬರೆಯಲಿ; ಪಕ್ಕದಲ್ಲಿ ಮನೆಯ ಪದವನ್ನು ಬರೆಯಲಿ. ಮಲಯಾಳದಲ್ಲಿಯೂ ತೆಲುಗಿನಲ್ಲಿಯೂ ‘ಪರ್ವತಂ’, ಮರಾಠಿಯಲ್ಲಿ ‘ಪರ್ವತ’ ಎಂದು ಬಂದರೆ ಪಕ್ಕದಲ್ಲಿ ‘ಬೆಟ್ಟ’. ತಾಳವಾಡಿಯ ಮಗು ತಮಿಳಿನಲ್ಲಿ ‘ಮಲೈ’ ಎಂದು ಓದಿದರೆ ಪಕ್ಕದಲ್ಲಿ ‘ಮಲೆ’. ಮಲೆನಾಡಿನ ‘ಮಲೆ’ ಅದೇ ಎಂದು ತಾವು ಹೇಳಿಕೊಡಿ. ಇದು ನಮ್ಮ ಗಡಿನಾಡಿನ ಫುರಿಗಾನ. ಹೀಗೆ ಮಾಡಿದ ಮಗುವಿಗೆ ಎರಡು ಭಾಷೆಗಳು ಎರಡು ಭಾರವಾಗದೆ, ಒಂದೇ ಅಕ್ಷರದ ಎರಡು ಓದುಗಳಂತೆ ಒಂದನ್ನೊಂದು ಹಿಡಿದು ನಿಲ್ಲುತ್ತವೆ.

ಆ ತಂದೆಯನ್ನು ನಾನು ಮತ್ತೆ ಕಾಣಲಿಲ್ಲ. ಪೇಟೆಯಲ್ಲಿ ರಿಕ್ಷಾ ಹತ್ತುವಾಗಲೆಲ್ಲ ಚಾಲಕರ ಮುಖವನ್ನು ಒಮ್ಮೆ ನೋಡುತ್ತೇನೆ. ಅವರು ಸಿಕ್ಕಿದರೆ ಆ ದಿನದ ನನ್ನ ಭಾಷಣಕ್ಕೆ ಕ್ಷಮೆ ಕೇಳಿ, ಈ ಕಥೆ ಹೇಳಬೇಕೆಂದಿದ್ದೇನೆ. ಅಷ್ಟರಲ್ಲಿ, ಬರುವ ಜೂನ್ ತಿಂಗಳಿಗೆ ಮಗುವಿನ ಶಾಲೆಯನ್ನು ಇನ್ನೂ ನಿರ್ಧರಿಸದಿರುವ ತಾವು ಇದನ್ನು ಓದಿದರೆ ನನ್ನ ಶ್ರಮ ಸಾರ್ಥಕ.

ಇತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಮುಖ್ಯೋಪಾಧ್ಯಾಯ